ಗಿರಣಿ ಮುಚ್ಚಿಸಿದ ಒಂದೇ ಸಾಲು

ಪುರಸಭೆ ಕಚೇರಿಯ ಟಪಾಲು ಗುಮಾಸ್ತರು ಹತ್ತೊಂಬತ್ತು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿಕೊಂಡು ಬಂದವರು. ಬಂದ ಕಾಗದ ಒಡೆಯುವುದು, ಆವಕ ವಹಿ ಎಂಬ ದಪ್ಪ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕುವುದು, ಯಾರಿಂದ ಬಂತು ಎಂದು ಬರೆಯುವುದು, ಕೊನೆಗೆ 'ವಿಷಯ' ಎಂಬ ಕಾಲಮಿನಲ್ಲಿ ಒಂದು ಸಾಲು ಗೀಚುವುದು. ಅರ್ಜಿದಾರರೇ ಮೇಲುಗಡೆ ವಿಷಯ ಬರೆದಿದ್ದರೆ ಅದನ್ನೇ ಇಳಿಸುತ್ತಿದ್ದರು. ಬರೆಯದೆ ಇದ್ದರೆ 'ಮನವಿಯ ಬಗ್ಗೆ' ಎಂದು ಹಾಕಿ ಮುಂದಿನ ಕಾಗದಕ್ಕೆ ಕೈ ಹಾಕುತ್ತಿದ್ದರು. ಊರಿನ ಅರ್ಧದಷ್ಟು ಕಷ್ಟಗಳು ಹೀಗೆ ಹತ್ತೊಂಬತ್ತು ವರ್ಷ 'ಮನವಿಯ ಬಗ್ಗೆ' ಎಂದೇ ದಾಖಲಾದವು. ಇದರ ಬಗ್ಗೆ ಯಾರೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಅದೂ 'ಮನವಿಯ ಬಗ್ಗೆ' ಎಂದೇ ದಾಖಲಾಗುತ್ತಿತ್ತು.

ಈ ಕಚೇರಿಯ ಇನ್ನೊಂದು ವಿಶೇಷವನ್ನೂ ಹೇಳಿಬಿಡಬೇಕು. ಇಲ್ಲಿಯ ಸಾಹೇಬರು ಕಾಗದ ಓದುವವರಲ್ಲ. ಕಣ್ಣಿಗೆ ಆಯಾಸ, ಮನಸ್ಸಿಗೆ ಬೇಸರ, ಮೇಲಾಗಿ ಜನರ ಅಕ್ಷರ ಎಂದು ಮೂರು ಕಾರಣ ಕೊಟ್ಟು ಹನ್ನೊಂದು ವರ್ಷದ ಹಿಂದೆಯೇ ಆ ಅಭ್ಯಾಸಕ್ಕೆ ಎಳ್ಳುನೀರು ಬಿಟ್ಟಿದ್ದರು. ಅವರ ಮೇಜಿಗೆ ಹೋಗುತ್ತಿದ್ದದ್ದು ಆವಕ ವಹಿ ಮಾತ್ರ. ವಿಷಯದ ಕಾಲಮಿನ ಮೇಲೆ ಕೆಂಪು ಪೆನ್ಸಿಲ್ ಆಡಿಸುತ್ತಾ ಪಕ್ಕದಲ್ಲೇ ಆಜ್ಞೆ ಬರೆಯುತ್ತಿದ್ದರು. ಅಂದರೆ ಊರಿಗೂ ಸಾಹೇಬರಿಗೂ ನಡುವೆ ಇದ್ದದ್ದು ಗುಮಾಸ್ತರ ಒಂದು ಸಾಲು.

ಎಲ್ಲವೂ ಸುಖವಾಗಿಯೇ ಇತ್ತು, ಮೇಲ್ವಿಚಾರಕರ ಹುದ್ದೆಯ ಪರೀಕ್ಷೆ ಒಂದು ಇಲ್ಲದೆ ಹೋಗಿದ್ದರೆ. ಗುಮಾಸ್ತರು ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದರು. ಮೂರನೆಯದೇ ಕೊನೆಯ ಅವಕಾಶ, ಅದೂ ಬರುವ ಭಾನುವಾರ. ಅವರನ್ನು ಮುಳುಗಿಸುತ್ತಿದ್ದದ್ದು ತಾರ್ಕಿಕ ಸಾಮರ್ಥ್ಯದ ಪತ್ರಿಕೆ. ಅದರಲ್ಲಿ ಏಳೆಂಟು ಸಾಲಿನ ಒಂದು ವಾದ ಕೊಟ್ಟು 'ಇದರ ಮುಖ್ಯ ತೀರ್ಮಾನ ಯಾವುದು?' ಎಂದು ಕೇಳುತ್ತಾರೆ. ಮೊದಲನೆಯ ಸಲ ಗುಮಾಸ್ತರು ತಮಗೆ ಇಷ್ಟವಾದ ವಾಕ್ಯಕ್ಕೆ ಟಿಕ್ ಹಾಕಿ ಬಂದರು. ಎರಡನೆಯ ಸಲ ಬುದ್ಧಿ ಕಲಿತು, ಎಲ್ಲಕ್ಕಿಂತ ಉದ್ದವಾದ ವಾಕ್ಯಕ್ಕೆ ಟಿಕ್ ಹಾಕಿದರು.

ಈ ಸಲ ಮಾನ ಮರ್ಯಾದೆ ಬದಿಗಿಟ್ಟು ಹೆಂಡತಿಯ ತಮ್ಮನ ಬಳಿ ಹೋದರು. ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಈ ಭಾವಮೈದ ಪರೀಕ್ಷೆಗಳಿಗೆ ತರಬೇತಿ ಕೊಡುವ ಕ್ಲಾಸು ನಡೆಸುತ್ತಿದ್ದ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರ ನಡುವೆ, ಮೊಣಕಾಲು ಬೆಂಚಿಗೆ ತಾಗಿಸಿಕೊಂಡು, ಬೊಕ್ಕತಲೆಯ ಗುಮಾಸ್ತರು ಮಂಗಳವಾರ ಸಂಜೆ ಮೊದಲ ಪಾಠ ಕೇಳಿದರು.

"ಪ್ರತಿ ವಾಕ್ಯಕ್ಕೂ 'ಯಾಕೆ?' ಅಂತ ಕೇಳಿ ಭಾವ," ಎಂದ ಭಾವಮೈದ. "ಯಾವ ವಾಕ್ಯಕ್ಕೆ ಉಳಿದ ವಾಕ್ಯಗಳೆಲ್ಲ ಸೇರಿ ಉತ್ತರ ಕೊಡ್ತವೋ ಅದೇ ಮುಖ್ಯ ತೀರ್ಮಾನ. ಉಳಿದದ್ದೆಲ್ಲ ಬರೀ ಕಾರಣ. ಅಷ್ಟು ಯೋಚನೆ ಮಾಡೋಕೆ ಟೈಮ್ ಇಲ್ಲ ಅಂದ್ರೆ ಸುಲಭದ ದಾರಿ ಒಂದಿದೆ. 'ಆದ್ದರಿಂದ' ಅಂತ ಶುರುವಾಗಿ 'ಬೇಕು' ಅಂತ ಇರೋ ವಾಕ್ಯ ಹುಡುಕಿ. ನೂರಕ್ಕೆ ಎಂಬತ್ತು ಸಲ ಅದೇ ಇರುತ್ತೆ."

"ಇನ್ನಿಪ್ಪತ್ತು ಸಲ?"

"ಅದು ನಾಳೆ ಕ್ಲಾಸಲ್ಲಿ."

ಗುಮಾಸ್ತರು ಕುಣಿಯುತ್ತಾ ಮನೆಗೆ ಬಂದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ರೀ, ಬಚ್ಚಲಿನ ನಲ್ಲಿ ಸೋರ್ತಾ ಇದೆ. ಬಕೆಟ್ ತುಂಬಿ ಹರೀತಾ ಇದೆ. ಮೂರು ದಿನದಿಂದ ಬಡ್ಕೋತಾ ಇದ್ದೀನಿ, ನೀವು ಹೂಂ ಅನ್ನಲ್ಲ ಉಹೂಂ ಅನ್ನಲ್ಲ. ಆದ್ದರಿಂದ ನಿಮ್ಮ ಕಿವೀನ ಮೊದಲು ಡಾಕ್ಟರಿಗೆ ತೋರಿಸಬೇಕು!"

ಗುಮಾಸ್ತರ ಕಣ್ಣು ಅರಳಿತು. 'ಆದ್ದರಿಂದ' ಇತ್ತು, 'ಬೇಕು' ಇತ್ತು. ನಲ್ಲಿ, ಬಕೆಟ್, ಮೂರು ದಿನ, ಎಲ್ಲವೂ ಬರೀ ಕಾರಣ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಏನು ಹೇಳುತ್ತಿದ್ದಾಳೆ ಎನ್ನುವುದು ಅವರಿಗೆ ಇಷ್ಟು ಸ್ಪಷ್ಟವಾಗಿ ಹೊಳೆದದ್ದು ಇದೇ ಮೊದಲು. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಕಿವಿ ಡಾಕ್ಟರ ಬಳಿ ಒಂದೂವರೆ ಗಂಟೆ ಸಾಲಿನಲ್ಲಿ ಕೂತು, ಎರಡೂ ಕಿವಿ ತೋರಿಸಿ, ಕೇಳಿಸುವುದರಲ್ಲಿ ಏನೂ ದೋಷವಿಲ್ಲ ಎಂದು ಚೀಟಿ ಬರೆಸಿಕೊಂಡು ಹೆಂಡತಿಯ ಕೈಗೆ ತಂದುಕೊಟ್ಟರು. ಆಕೆ ಚೀಟಿಯನ್ನೂ ಗಂಡನನ್ನೂ ಸೋರುವ ನಲ್ಲಿಯನ್ನೂ ಒಂದೊಂದು ಸಲ ನೋಡಿ ಒಳಗೆ ಹೋದಳು. ಏನೂ ಹೇಳಲಿಲ್ಲ, ಹಾಗಾಗಿ ತೀರ್ಮಾನ ಹುಡುಕುವ ಕೆಲಸ ತಪ್ಪಿತು ಎಂದು ಗುಮಾಸ್ತರು ಸಮಾಧಾನಪಟ್ಟರು.

ಈ ಕಿವಿಯ ದೆಸೆಯಿಂದಲೇ ಅವರು ಕಚೇರಿ ತಲುಪುವಾಗ ಹತ್ತೂ ಮುಕ್ಕಾಲು. ಮೇಜಿನ ಮೇಲೆ ಅರವತ್ತು ಕಾಗದ. ಹನ್ನೆರಡೂ ಕಾಲಿಗೆ ವಹಿ ಸಾಹೇಬರ ಮುಂದೆ ಇರಬೇಕು. ಬೇರೆ ಯಾರಾದರೂ ಆಗಿದ್ದರೆ ಎದೆಗುಂದುತ್ತಿದ್ದರು. ಗುಮಾಸ್ತರು ಲೆಕ್ಕ ಹಾಕಿದರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಎಂಬತ್ತು ಸೆಕೆಂಡು, ಅರವತ್ತು ಕಾಗದಕ್ಕೆ ಎಂಬತ್ತು ನಿಮಿಷ. ಇದಕ್ಕಿಂತ ಒಳ್ಳೆಯ ಅಭ್ಯಾಸ ಎಲ್ಲಿ ಸಿಕ್ಕೀತು? ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಇನ್ನು ಮೇಲೆ 'ಮನವಿಯ ಬಗ್ಗೆ' ಎಂಬ ಮಾತೇ ಇಲ್ಲ, ಪ್ರತಿಯೊಂದು ಅರ್ಜಿಯ ಮುಖ್ಯ ತೀರ್ಮಾನವನ್ನೇ ಬರೆಯುವುದು ಎಂದು ಶಪಥ ಮಾಡಿದರು.

ಕೆಲಸ ಹೂವೆತ್ತಿದಷ್ಟು ಸುಲಭವಾಯಿತು. ಹಾಸ್ಟೆಲಿನ ವಾರ್ಡನ್ ಒಬ್ಬರು ತಮ್ಮ ಬಾಲ್ಯದಿಂದ ಶುರುಮಾಡಿ ಆರು ಪುಟ ಬರೆದಿದ್ದರು. ಗುಮಾಸ್ತರು ಎಪ್ಪತ್ತು ಸೆಕೆಂಡಿನಲ್ಲಿ 'ಗೇಟಿನ ಮುಂದಿನ ಗುಂಡಿ ಮುಚ್ಚಬೇಕು' ಎಂದು ಬರೆದು ಬಿಸಾಕಿದರು. ಮೂವತ್ತೇಳನೆಯದು ನಾಲ್ಕು ಪುಟದ ಕಾಗದ. ಲಕೋಟೆಯ ಮೇಲಿಂದ ಕಳುಹಿಸಿದವರ ವಿವರ ಇಳಿಸಿದರು: 'ಮಾಲೀಕರು, ಹಿಟ್ಟಿನ ಗಿರಣಿ, ಹಿಂದಿನ ಬೀದಿ.' ಒಳಗೆ ಮೊದಲ ಪುಟ ಹೀಗಿತ್ತು:

'ನನ್ನ ಗಿರಣಿಯಿಂದ ಬೆಳಗಿನಿಂದ ಸಂಜೆಯವರೆಗೆ ಗದ್ದಲ. ಬೀದಿಯ ಕಿಟಕಿಗಳ ಮೇಲೆಲ್ಲ ಹಿಟ್ಟಿನ ಧೂಳು. ಪಕ್ಕದ ಮನೆಯವರಿಗೆ ಮಧ್ಯಾಹ್ನದ ನಿದ್ದೆ ಇಲ್ಲ. ಆದ್ದರಿಂದ ಗಿರಣಿಯನ್ನು ಕೂಡಲೇ ಮುಚ್ಚಿಸಬೇಕು ಎಂದು ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಆದರೆ,'

ಅಲ್ಲಿಗೆ ಪುಟ ಮುಗಿದಿತ್ತು. ಗುಮಾಸ್ತರಿಗೆ ಪುಟ ತಿರುವುವ ಅಗತ್ಯವೇ ಕಾಣಲಿಲ್ಲ. 'ಆದ್ದರಿಂದ' ಇತ್ತು, 'ಬೇಕು' ಇತ್ತು, ಮೂರು ಕಾರಣ ಸಾಲಾಗಿ ನಿಂತಿದ್ದವು. 'ಗಿರಣಿಯನ್ನು ಕೂಡಲೇ ಮುಚ್ಚಿಸಬೇಕು' ಎಂದು ವಹಿಯಲ್ಲಿ ಬರೆದರು. ಮೂವತ್ತೊಂದು ಸೆಕೆಂಡು. ತಮ್ಮ ದಾಖಲೆಯನ್ನು ತಾವೇ ಮುರಿದಿದ್ದರು.

ಹಿಂದಿನ ಬೀದಿಯಲ್ಲಿ ಇರುವುದು ಒಂದೇ ಗಿರಣಿ, ಅದು ತಮ್ಮ ಹೆಂಡತಿಯನ್ನು ಹೆತ್ತ ಅತ್ತೆಯವರದು ಎಂಬ ವಿಚಾರ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಗಡಿಯಾರ ಎದುರಿಗಿಟ್ಟುಕೊಂಡು ಪರೀಕ್ಷೆ ಬರೆಯುವವನಿಗೆ ಗಿರಣಿ ಎಂದರೆ ಬರೀ ಗಿರಣಿ. ಅದಕ್ಕೆ ಅತ್ತೆ ಇರುವುದಿಲ್ಲ.

ಹನ್ನೆರಡೂ ಕಾಲಿಗೆ ವಹಿ ಒಳಗೆ ಹೋಯಿತು. ಹನ್ನೆರಡೂವರೆಗೆ ಸಾಹೇಬರೇ ಎದ್ದು ಹೊರಗೆ ಬಂದರು. ಹನ್ನೊಂದು ವರ್ಷದಲ್ಲಿ ಊಟದ ಹೊತ್ತಿಗೆ ಮುಂಚೆ ಅವರು ಎದ್ದದ್ದನ್ನು ಯಾರೂ ಕಂಡಿರಲಿಲ್ಲ.

"ಶಹಬ್ಬಾಸ್ ಗುಮಾಸ್ತರೇ! ಈ ಊರಿನವರಿಗೆ ಏನು ಬೇಕು ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಒಂದೊಂದು ಸಾಲೂ ಮುತ್ತು ಕಣ್ರೀ!"

ಗುಮಾಸ್ತರು ಉಬ್ಬಿಹೋದರು. ಯಾವ ಮುತ್ತು ಎಂದು ಕೇಳುವಷ್ಟು ಉಸಿರು ಉಳಿದಿರಲಿಲ್ಲ. ಸಾಹೇಬರು ಅಲ್ಲಿಂದ ನೇರವಾಗಿ ಆರೋಗ್ಯ ನಿರೀಕ್ಷಕರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಅವರ ಕಣ್ಣು ತುಂಬಿ ಬಂದಿತ್ತೆಂದು ನಿರೀಕ್ಷಕರೇ ಆಮೇಲೆ ಹೇಳಿದರು.

"ಮೂವತ್ತು ವರ್ಷ ಸರ್ವಿಸು ನಂದು," ಎಂದರಂತೆ ಸಾಹೇಬರು. "ಪಕ್ಕದವನ ಅಂಗಡಿ ಮುಚ್ಚಿಸಿ ಅಂತ ಅರ್ಜಿ ಹಾಕಿದವರನ್ನ ಸಾವಿರ ಜನ ನೋಡಿದ್ದೀನಿ. ತನ್ನ ಗಿರಣೀನ ತಾನೇ 'ಮುಚ್ಚಿಸಿ, ಅದೂ ಕೂಡಲೇ' ಅಂತ ಕೇಳಿದವರು ಇವರೊಬ್ಬರೇ! ಇಂಥವರನ್ನ ಕಾಯಿಸಬಾರದು. ಈಗಲೇ ಹೋಗಿ ಮುಚ್ಚಿ ಬನ್ನಿ. ಜೊತೇಲಿ ಒಂದು ಅಭಿನಂದನಾ ಪತ್ರ ಕೊಡಿ."

ಬೀದಿಗೆ ಒಂದು ಚರಂಡಿ ತೋಡಿಸಲು ಎರಡು ವರ್ಷ ತೆಗೆದುಕೊಳ್ಳುವ ಕಚೇರಿ, ಎರಡೂವರೆ ಗಂಟೆಯಲ್ಲಿ ಗಿರಣಿಯ ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿತು. ಅತ್ತೆಯವರ ಮನೆ ಗಿರಣಿಯ ಹಿಂದೆ, ಅದಕ್ಕೆ ಹೋಗುವ ದಾರಿಯೂ ಗಿರಣಿಯ ಒಳಗಿನಿಂದಲೇ. ಹೀಗಾಗಿ ಒಂದೇ ಮುದ್ರೆಗೆ ಗಿರಣಿಯೂ ಮನೆಯೂ ಬಂದ್ ಆದವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಹದಿನಾಲ್ಕು ವರ್ಷಗಳಿಂದ ಗಿರಣಿ ಮುಚ್ಚಬೇಕು ಎಂದು ಸಾರಿಕೊಂಡು ಬಂದವರು, ಕಿಟಕಿಯಿಂದ ನೋಡಿ ಚಪ್ಪಾಳೆ ತಟ್ಟಿದರು. ಆಮೇಲೆ ತಮ್ಮ ಮನೆಯ ಹತ್ತು ಕಿಲೋ ಗೋಧಿ ಒಳಗೆ ಅರ್ಧ ಬೀಸಿದ ಸ್ಥಿತಿಯಲ್ಲಿ ಇದೆ ಎಂಬುದು ನೆನಪಾಗಿ ಚಪ್ಪಾಳೆ ನಿಲ್ಲಿಸಿದರು.

ಇದಾವುದೂ ತಿಳಿಯದ ಗುಮಾಸ್ತರು ಸಂಜೆ ಆರು ಗಂಟೆಗೆ ಬೆಂಚಿನ ಮೇಲೆ ಎದೆಯುಬ್ಬಿಸಿ ಕೂತಿದ್ದರು. ಭಾವಮೈದ ಬೋರ್ಡಿನ ಮೇಲೆ ಬರೆದ: 'ಈಜುಕೊಳಕ್ಕೆ ಖರ್ಚು ಹೆಚ್ಚು, ಆದ್ದರಿಂದ ಅದನ್ನು ಮುಚ್ಚಬೇಕು ಎಂದು ಕೆಲವರು ಹೇಳುತ್ತಾರೆ. ಆದರೆ ಈಜು ಕಲಿತ ಮಕ್ಕಳು ಕೆರೆಗೆ ಬಿದ್ದು ಸಾಯುವುದಿಲ್ಲ. ಮಕ್ಕಳ ಜೀವಕ್ಕಿಂತ ಖರ್ಚು ದೊಡ್ಡದಲ್ಲ. ಈಜುಕೊಳ ಉಳಿಯಲಿ.'

"ಮುಖ್ಯ ತೀರ್ಮಾನ?"

"ಈಜುಕೊಳ ಮುಚ್ಚಬೇಕು!" ಎಂದು ಗುಮಾಸ್ತರು ಎದ್ದು ನಿಂತು ಘೋಷಿಸಿದರು.

ಹುಡುಗರು ಗೊಳ್ಳೆಂದರು. ಭಾವಮೈದ ಮಾತ್ರ ನಗಲಿಲ್ಲ. ಫೀಸು ಕೊಡದ ವಿದ್ಯಾರ್ಥಿಯಾದರೂ ಅಕ್ಕನ ಗಂಡನಲ್ಲವೇ?

"ಇದೇ ಭಾವ, ಉಳಿದ ಇಪ್ಪತ್ತು ಸಲ ಅಂದೆನಲ್ಲ, ಅದು ಇದೇ. ಇದು ಎದುರಾಳಿ ಮಾತು. ಅದು ತಪ್ಪು ಅಂತ ತೋರಿಸೋಕೇ ಬರೆದವರು ಅದನ್ನ ಮೊದಲು ಹೇಳ್ತಾರೆ. 'ಕೆಲವರು ಹೇಳ್ತಾರೆ' ಅಂತ ಕಂಡ್ರೆ ಅಲ್ಲೇ ಬ್ರೇಕ್ ಹಾಕಿ. 'ಆದರೆ' ಬರುತ್ತೆ. ಅವರ ನಿಜವಾದ ಮಾತು ಇರೋದು ಅದರಿಂದ ಮುಂದಕ್ಕೆ."

ಗುಮಾಸ್ತರು ನಗುತ್ತಾ ಕೂರಲು ಹೋದವರು ಅರ್ಧಕ್ಕೇ ನಿಂತರು. 'ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಆದರೆ,' ಎಂಬ ಮಾತು ಎಲ್ಲೋ ಓದಿದಂತಿತ್ತು. ಮೂವತ್ತೇಳು. ಗಿರಣಿ. ಹಿಂದಿನ ಬೀದಿ. ಅದೇ ಹೊತ್ತಿಗೆ ಭಾವಮೈದನ ಫೋನು ಮೊಳಗಿತು. ಇಪ್ಪತ್ತನಾಲ್ಕು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅತ್ತೆಯವರ ಕಂಠ ಎಂಥದ್ದಾಗಿತ್ತೆಂದರೆ, ಫೋನು ಕಿವಿಯ ಹತ್ತಿರ ಇದ್ದರೂ ಕೊನೆಯ ಬೆಂಚಿನವರೆಗೆ ಒಂದಕ್ಷರ ಬಿಡದೆ ಕೇಳಿಸಿತು.

"ಗಿರಣಿಗೆ ಬೀಗ ಹಾಕಿದ್ರು ಕಣೋ! ನಾನೇ ಹಾಕಿ ಅಂದ್ನಂತೆ! ನಾನಂತೆ! ಮೇಲಿಂದ ನನಗೆ ಅಭಿನಂದನೆ ಬೇರೆ!"

ಭಾವಮೈದ ಫೋನಿಟ್ಟು ಗುಮಾಸ್ತರ ಮುಖ ನೋಡಿದ. ಆ ಮುಖದ ಮುಖ್ಯ ತೀರ್ಮಾನ ಹುಡುಕಲು ಅವನಿಗೆ ಎಂಬತ್ತು ಸೆಕೆಂಡು ಬೇಕಾಗಲಿಲ್ಲ.

"ಭಾವ... ನೀವಾ?"

"ನೀನು ಇಪ್ಪತ್ತು ಸಲದ್ದು ನಿನ್ನೆಯೇ ಹೇಳಿದ್ರೆ ಏನಾಗ್ತಿತ್ತಯ್ಯಾ?"

"ನನ್ನ ಹೆಸರು ಎತ್ತಬೇಡಿ ಭಾವ. ನೀವು ಬರೀ ಅಳಿಯ. ನಾನು ಹೆತ್ತ ಮಗ, ನನಗೆ ಎರಡರಷ್ಟು ಬೀಳುತ್ತೆ."

ಗುಮಾಸ್ತರು ಬಾಲ ಮುದುರಿಕೊಂಡು ಮನೆಗೆ ಬರುವ ಹೊತ್ತಿಗೆ ಅತ್ತೆಯವರು ಒಂದು ಚೀಲ ಬಟ್ಟೆಯೊಂದಿಗೆ ನಡುಮನೆಯಲ್ಲಿ ಸ್ಥಾಪಿತರಾಗಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರು ಅವರ ಮಾತಿಗೆ ತಕ್ಕಂತೆ ಅಲುಗುತ್ತಿತ್ತು.

"ಬನ್ನಿ ಅಳಿಯಂದ್ರೇ, ನಿಮ್ಮನ್ನೇ ಕಾಯ್ತಿದ್ದೆ! ಗಿರಣಿ ತೆರೆಯೋವರೆಗೂ ನನಗೆ ಮನೆ ಇಲ್ಲ, ಇಲ್ಲೇ ಇರ್ತೀನಿ. ಆ ಮೇಷ್ಟ್ರು ಗಿರಣಿ ಮುಚ್ಚಿಸ್ತೀನಿ ಅಂತ ಬೀದಿ ತುಂಬ ಹೇಳ್ಕೊಂಡು ಓಡಾಡ್ತಿದ್ರು. ಅದಕ್ಕೆ ಉತ್ತರ ಅಂತ ನಾಲ್ಕು ಪುಟ ಬರೆದೆ. ನಾಲ್ಕು ಪುಟ! ನಮ್ಮ ಯಜಮಾನರು ಹೋದಮೇಲೆ ಎರಡು ಮಕ್ಕಳನ್ನ ಆ ಗಿರಣೀಲೇ ಸಾಕಿದೆ ಅಂತ ಬರೆದೆ. ಮಧ್ಯಾಹ್ನ ಎರಡು ಗಂಟೆ ನಿಲ್ಲಿಸ್ತೀನಿ, ಧೂಳಿಗೆ ಪರದೆ ಕಟ್ಟಿಸ್ತೀನಿ ಅಂತ ಬರೆದೆ. ಆದ್ದರಿಂದ ಗಿರಣಿ ನಡೆಯೋಕೆ ಬಿಡಬೇಕು ಅಂತ ನಾಲ್ಕನೇ ಪುಟದಲ್ಲಿ ಕೆಳಗೆ ಗೆರೆ ಎಳೆದು ಬರೆದೆ! ಅದನ್ನ ಓದಿ ಮುಚ್ಚಿಸಿ ಅಂತ ಅರ್ಥ ಮಾಡ್ಕೊಂಡ ಮಹಾನುಭಾವ ಯಾರು? ನೀವು ಅದೇ ಕಚೇರೀಲಿ ಇದ್ದೀರಲ್ಲ, ಪತ್ತೆ ಹಚ್ಚಿ!"

"ಹಚ್ಚ್... ಹಚ್ಚೋಣ ಅತ್ತೆ."

"ಸಿಕ್ಕಿದ ತಕ್ಷಣ ನನಗೆ ಹೇಳಿ. ನಾನೇನೂ ಮಾಡಲ್ಲ. ಎದುರಿಗೆ ಕೂರಿಸ್ಕೊಂಡು ನಾಲ್ಕೂ ಪುಟ ಓದಿ ಹೇಳ್ತೀನಿ, ಅಷ್ಟೇ!"

ಅಕ್ಕಪಕ್ಕದ ನಾಲ್ಕು ಮನೆಯವರು ಅವತ್ತು ನಾಲ್ಕೂ ಪುಟ ಕೇಳಿದರು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕಿವಿ ಡಾಕ್ಟರ ಚೀಟಿಯಿಂದ ಗಾಳಿ ಬೀಸಿಕೊಳ್ಳುತ್ತಾ ಗಂಡನನ್ನೇ ನೋಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಗುಮಾಸ್ತರು ಗಟ್ಟಿ ಮನಸ್ಸು ಮಾಡಿ ಸಾಹೇಬರ ಕೋಣೆಗೆ ಹೋದರು.

"ಸಾರ್, ಆ ಗಿರಣಿ ವಿಚಾರದಲ್ಲಿ ಒಂದು ಸಣ್ಣ..."

"ಸಣ್ಣದಾ? ದೊಡ್ಡದಾಗೇ ಮಾಡ್ತಿದ್ದೀವಿ ಕಣ್ರೀ!" ಸಾಹೇಬರು ಒಂದು ಕಾರ್ಡನ್ನು ಅವರ ಕೈಗೆ ತುರುಕಿದರು. "ಶನಿವಾರ ಸಭಾಂಗಣದಲ್ಲಿ ಸನ್ಮಾನ. ಅಧ್ಯಕ್ಷರು ಒಪ್ಪಿದ್ದಾರೆ. ಫಲಕ ಬರೆಸೋಕೆ ಕೊಟ್ಟಾಯ್ತು. 'ನೆರೆಹೊರೆಯ ನೆಮ್ಮದಿಗಾಗಿ ತನ್ನ ಗಿರಣಿಯನ್ನೇ ತ್ಯಜಿಸಿದ ಮಹಾತಾಯಿ.' ಹೇಗಿದೆ?"

"ತುಂಬಾ... ಉದ್ದ ಇದೆ ಸಾರ್," ಎಂದು ಗುಮಾಸ್ತರು ಹೊರಗೆ ಬಂದರು.

ಬಾಯಿಂದ ಆಗದ್ದು ವಹಿಯಿಂದ ಆದೀತು ಎಂಬ ಆಸೆ ಹುಟ್ಟಿದ್ದು ಅದೇ ದಿನ ಮಧ್ಯಾಹ್ನ, ಮೇಷ್ಟ್ರು ಮೂವತ್ತೆರಡು ಸಹಿಗಳ ಮನವಿ ಹಿಡಿದು ಬಂದಾಗ. ಒಂದೇ ದಿನದಲ್ಲಿ ಬೀದಿಯ ಮನಸ್ಸು ತಿರುಗಿತ್ತು. ಹಿಟ್ಟಿಗಾಗಿ ಎರಡು ಮೈಲಿ ಹೋಗಬೇಕಾಗಿ ಬಂದಿತ್ತು. ಮೇಲಾಗಿ, ಗಡಿಯಾರವಿಲ್ಲದ ಮನೆಗಳಿಗೆ ಗಿರಣಿಯ ಸದ್ದೇ ಗಡಿಯಾರ ಎಂಬುದು ಅದು ನಿಂತ ಮೇಲೆ ಗೊತ್ತಾಗಿತ್ತು.

"ನನಗೆ ಮಧ್ಯಾಹ್ನ ನಿದ್ದೇನೇ ಬರ್ತಿಲ್ಲ ಗುಮಾಸ್ತರೇ," ಎಂದರು ಮೇಷ್ಟ್ರು ಸಣ್ಣ ಮುಖ ಮಾಡಿಕೊಂಡು. "ಬೈಯೋಕೆ ಏನೂ ಇಲ್ಲದೆ ಮಲಗೋದು ಹೇಗೆ ಹೇಳಿ? ಅದೂ ಅಲ್ಲದೆ ನಮ್ಮ ಗೋಧಿ ಒಳಗಿದೆ."

ಗುಮಾಸ್ತರು ಈ ಸಲ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಮನವಿಯ ಮೂರು ಪುಟವನ್ನೂ ಮೂರು ಸಲ ಓದಿದರು. 'ಗಿರಣಿಯಿಂದ ಗದ್ದಲ ಎಂದು ನಾವೇ ಹೇಳಿದ್ದು ನಿಜ' ಎಂಬಲ್ಲಿ ಬ್ರೇಕ್ ಹಾಕಿದರು. 'ಆದರೆ' ಬಂದ ಮೇಲೆ ಮುಂದೆ ಹೋದರು. ವಹಿಯಲ್ಲಿ ಗುಂಡಗೆ ಬರೆದರು: 'ಗಿರಣಿಯನ್ನು ತೆರೆಯಬೇಕು.'

ಹತ್ತು ನಿಮಿಷದಲ್ಲಿ ಒಳಗಿನಿಂದ ಕರೆ ಬಂತು. ಸಾಹೇಬರು ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನೋಡಿದ್ರಾ? ಮೂವತ್ತೆರಡು ಜನ ಬೇಡ್ಕೋತಿದ್ದಾರೆ, ಆದ್ರೂ ಆಯಮ್ಮ ಮುಚ್ಚಿಸಿ ಅಂದ್ರಲ್ಲ! ತ್ಯಾಗ ಅಂದ್ರೆ ಇದು! ಸಭಾಂಗಣ ಸಾಲಲ್ಲ ಕಣ್ರೀ, ಹೊರಗಡೆ ಶಾಮಿಯಾನ ಹಾಕಿಸಿ!"

ಮುಖ್ಯ ತೀರ್ಮಾನವನ್ನು ಸರಿಯಾಗಿ ಬರೆದರೂ, ಅದನ್ನು ಇನ್ನೊಂದು ತೀರ್ಮಾನಕ್ಕೆ ಕಾರಣವಾಗಿ ಬಳಸಿಕೊಳ್ಳುವವರು ಇರುತ್ತಾರೆ ಎಂಬುದು ಭಾವಮೈದನ ಯಾವ ಪಾಠದಲ್ಲೂ ಇರಲಿಲ್ಲ. ಗುಮಾಸ್ತರು ಶಾಮಿಯಾನದವನಿಗೆ ಫೋನು ಮಾಡಲು ಹೋದರು.

ಶುಕ್ರವಾರ ಬೆಳಿಗ್ಗೆ ಅವರಿಗೆ ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ಕ್ಯಾಲೆಂಡರು ಅಲುಗುತ್ತಿರಲಿಲ್ಲ. ಅತ್ತೆಯವರು ಕಿಟಕಿಯ ಬಳಿ ಕೂತು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಎರಡು ದಿನ ಬೀಸದೆ, ಉಗುರಿನ ಸಂದಿಯ ಬಿಳಿ ಹೋಗಿತ್ತು.

"ಅಳಿಯಂದ್ರೇ," ಎಂದರು. "ಈ ಕೈ ಸುಮ್ಮನೆ ಕೂರೋಕೆ ಒಪ್ತಾ ಇಲ್ಲ ನೋಡಿ."

ಎಲ್ಲರೂ ಮಾತಾಡುವಂಥ ಮೆಲುದನಿಯಲ್ಲಿ ಹೇಳಿದರು. ಮದುವೆಯಾದಂದಿನಿಂದ ಗುಮಾಸ್ತರು ಆ ದನಿಯನ್ನು ಕೇಳಿದ್ದೇ ಇಲ್ಲ. ಅತ್ತೆಯವರ ಕೂಗಾಟಕ್ಕೆ ಅವರು ಹೆದರಿದ್ದುಂಟು, ಆದರೆ ಹೀಗೆ ಕರುಳು ಚುರ್ ಎಂದಿರಲಿಲ್ಲ. ತಮ್ಮ ಮೂವತ್ತೊಂದು ಸೆಕೆಂಡು ಒಬ್ಬರ ಇಪ್ಪತ್ತನಾಲ್ಕು ವರ್ಷದ ಮೇಲೆ ಕೂತುಬಿಟ್ಟಿತಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಏನಾದರೂ ಆಗಲಿ, ಹೇಳಿಯೇ ಬಿಡುವುದು ಎಂದುಕೊಂಡರು. ಯಾವಾಗ ಎಂಬುದು ಮಾತ್ರ ತಿಳಿಯಲಿಲ್ಲ. ಶುಕ್ರವಾರ ಹಾಗೆಯೇ ಕಳೆಯಿತು.

ಶನಿವಾರ ಸಭಾಂಗಣವೂ ಹೊರಗಿನ ಶಾಮಿಯಾನವೂ ಕಿಕ್ಕಿರಿದಿದ್ದವು. ವೇದಿಕೆಯ ನಡುವೆ ಅಧ್ಯಕ್ಷರು, ಬಲಕ್ಕೆ ಸಾಹೇಬರು, ಎಡಕ್ಕೆ ಅತ್ತೆ. ಆಹ್ವಾನದಲ್ಲಿ 'ಎರಡು ಮಾತು ಆಡಬೇಕು' ಎಂದಿತ್ತು, ಆ ಎರಡು ಮಾತಿಗಾಗಿಯೇ ಅವರು ಬಂದಿದ್ದರು. ಮೂಲೆಯ ಸಣ್ಣ ಮೇಜಿನಲ್ಲಿ ಗುಮಾಸ್ತರು, ಸಭೆಯ ನಡಾವಳಿ ಬರೆಯಲು ವಹಿ ತೆರೆದು ಕೂತಿದ್ದರು. ಸಾಹೇಬರು ಅರ್ಧ ಗಂಟೆ ತ್ಯಾಗದ ಬಗ್ಗೆ ಮಾತಾಡಿದರು. ಆಮೇಲೆ ಅತ್ತೆಯವರು ಎದ್ದರು, ಮೈಕನ್ನು ಪಕ್ಕಕ್ಕೆ ಸರಿಸಿದರು, ಮತ್ತು ಹಳೆಯ ಕಂಠ ಹಿಂತಿರುಗಿ ಬಂತು.

"ನಾನು ಯಾವ ತ್ಯಾಗಾನೂ ಮಾಡಿಲ್ಲ!"

"ಎಂಥ ವಿನಯ!" ಎಂದು ಸಾಹೇಬರು ಫೋಟೋದವನನ್ನು ಹತ್ತಿರ ಕರೆಯಲು ಎದ್ದರು. ಅವರು ಕಾಗದ ಓದುವವರಲ್ಲ ಎಂದು ಮೊದಲೇ ಹೇಳಿದೆ. ಭಾಷಣ ಕೇಳುವವರೂ ಅಲ್ಲ. ಫೋಟೋದವನ ಜಾಗ, ಅಧ್ಯಕ್ಷರ ನೀರಿನ ಲೋಟ, ಫಲಕದ ಮೇಲಿನ ಕಾಗದ ಇವುಗಳ ವಿಚಾರಣೆಯಲ್ಲಿ ಇಪ್ಪತ್ತೆರಡು ನಿಮಿಷ ಕಳೆದರು. ಅಷ್ಟರಲ್ಲಿ ಅತ್ತೆಯವರು ನಾಲ್ಕೂ ಪುಟವನ್ನು, ಐದನೆಯದೊಂದನ್ನು ಸೇರಿಸಿ, ಸಭೆಗೆ ಒಪ್ಪಿಸಿದ್ದರು. ಸಭೆಯಲ್ಲಿ ಗುಜುಗುಜು ಶುರುವಾಯಿತು. ಅಧ್ಯಕ್ಷರು ಹುಬ್ಬೇರಿಸಿ ಸಾಹೇಬರತ್ತ ಬಾಗಿದರು.

"ಏನ್ರೀ, ಏನಂತಿದ್ದಾರೆ ಇವರು?"

ಸಾಹೇಬರು ತಬ್ಬಿಬ್ಬಾದರು. ಆದರೆ ಅಭ್ಯಾಸಬಲ ಕೈಬಿಡಲಿಲ್ಲ. ಮೂಲೆಯ ಕಡೆ ತಿರುಗಿ, "ಗುಮಾಸ್ತರೇ, ಎದ್ದು ನಿಂತು ಒಂದೇ ಸಾಲಲ್ಲಿ ಹೇಳಿ," ಎಂದರು.

ಗುಮಾಸ್ತರು ಎದ್ದರು. ಎದುರಿಗೆ ಮೊದಲ ಸಾಲಿನಲ್ಲಿ ಹೆಂಡತಿ, ಅವಳ ಹಿಂದೆ ಅಡಗಿಕೊಂಡಂತೆ ಭಾವಮೈದ, ಪಕ್ಕದಲ್ಲಿ ಮೇಷ್ಟ್ರು. ಎಡಕ್ಕೆ ಅತ್ತೆ.

"ಗಿರಣೀನ ತೆರೀಬೇಕು ಸಾರ್," ಎಂದರು. ಅಲ್ಲಿಗೆ ಕೂತುಬಿಡಬಹುದಿತ್ತು. ಕೂರಲಿಲ್ಲ. "ಯಾಕಂದ್ರೆ, ಅವರು ಮುಚ್ಚಿಸಿ ಅಂತ ಕೇಳಿರಲೇ ಇಲ್ಲ. ಮುಚ್ಚಿಸಿ ಅಂತ ಬೇರೆಯವರು ಅಂತಾರೆ ಅಂತ ಬರೆದಿದ್ರು. ನಾನು ಒಂದೇ ಪುಟ ಓದಿ ವಹೀಲಿ ಬರೆದುಬಿಟ್ಟೆ. ತಪ್ಪು ನನ್ನದು ಸಾರ್. ಅತ್ತೆ, ತಪ್ಪು ನನ್ನದು."

ಅತ್ತೆಯವರ ಬಾಯಿ ತೆರೆದದ್ದು ತೆರೆದೇ ಇತ್ತು. ಸಾಹೇಬರ ಮುಖ ಮೊದಲು ಕೆಂಪಾಯಿತು. ಆಮೇಲೆ, ಗುಮಾಸ್ತ ಒಂದೇ ಪುಟ ಓದಿದ ಎಂದರೆ ಸಾಹೇಬರು ಎಷ್ಟು ಪುಟ ಓದಿದರು ಎಂಬ ಪ್ರಶ್ನೆ ಅಧ್ಯಕ್ಷರ ಕಣ್ಣಲ್ಲಿ ಮೂಡುತ್ತಿರುವುದನ್ನು ಕಂಡು ಬಿಳಿಚಿಕೊಂಡಿತು. ಮೂವತ್ತು ವರ್ಷದ ಅನುಭವ ಸುಮ್ಮನೆ ಬರುವುದಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದರು:

"ಗುಮಾಸ್ತರೇ, ನೀವೀಗ ಹೇಳಿದ್ರಲ್ಲಿ ತೀರ್ಮಾನ ಯಾವುದು, ಕಾರಣ ಯಾವುದು?"

ಗುಮಾಸ್ತರು ಯೋಚಿಸಿದರು. ಪ್ರತಿ ವಾಕ್ಯಕ್ಕೂ 'ಯಾಕೆ?' ಎಂದು ಕೇಳಿದರು. "ಗಿರಣಿ ತೆರೀಬೇಕು ಅನ್ನೋದು ತೀರ್ಮಾನ ಸಾರ್. ತಪ್ಪು ನನ್ನದು ಅನ್ನೋದು ಕಾರಣ."

"ಗ್ಯಾರಂಟೀನಾ?"

"ಗ್ಯಾರಂಟಿ ಸಾರ್."

ಮೊದಲ ಸಾಲಿನ ಹಿಂದಿನಿಂದ ಭಾವಮೈದನ ಧ್ವನಿ ಕೇಳಿಸಿತು. "ಸರಿ ಉತ್ತರ!"

"ಕಾಲಮಿನಲ್ಲಿ ಎಷ್ಟು ಜಾಗ ಇದೆ?" ಎಂದು ಸಾಹೇಬರು ಕೇಳಿದರು.

"ಒಂದು ಸಾಲಿಗೆ ಸಾರ್."

"ಹಾಗಾದ್ರೆ ತೀರ್ಮಾನ ಮಾತ್ರ ಬರೀರಿ. ಕಾರಣ ದಾಖಲಿಸೋ ಹಾಗಿಲ್ಲ," ಎಂದು ಸಾಹೇಬರು ಅಲ್ಲೇ ಕೆಂಪು ಪೆನ್ಸಿಲ್ ತೆಗೆದು ವಹಿಯ ಮೇಲೆ 'ತಕ್ಷಣ ತೆರೆಯಿರಿ' ಎಂದು ಬರೆದರು. ಮೇಷ್ಟ್ರು ಎದ್ದು ನಿಂತು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಗಿರಣಿಗೆ ಜೈ ಎಂದರು. ಫಲಕವನ್ನು ಏನು ಮಾಡುವುದೆಂದು ಅಧ್ಯಕ್ಷರು ಕೇಳಿದ್ದಕ್ಕೆ, ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಇಲ್ಲ, ಕೊಡಿ ಎಂದು ಅತ್ತೆಯವರು ಇಸಿದುಕೊಂಡರು.

ಸಂಜೆ ಐದಕ್ಕೆ ಅರಗು ಒಡೆಯಿತು, ಗಿರಣಿ ಗುಡುಗಿತು, ಮೇಷ್ಟ್ರ ಅರ್ಧ ಗೋಧಿ ಪೂರ್ತಿ ಹಿಟ್ಟಾಯಿತು. ಸರ್ಕಾರದ ಪುಸ್ತಕದಲ್ಲಿ ಗುಮಾಸ್ತರ ತಪ್ಪಿಗೆ ಒಂದಕ್ಷರದ ಗುರುತಿಲ್ಲ. ಆದರೆ ಅತ್ತೆಯವರಿಗೆ ಕಾಲಮೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಬಂದ ಪ್ರತಿಯೊಬ್ಬರಿಗೂ ಗಿರಣಿಯ ಸದ್ದಿನ ಮೇಲೆ ಮೊದಲಿನಿಂದ ಕೊನೆಯವರೆಗೆ ಕಾರಣವನ್ನೇ ಹೇಳಿದರು. ಅದೆಲ್ಲ ಮುಗಿದ ಮೇಲೆ ಅಳಿಯನ ಕಡೆ ತಿರುಗಿದರು.

"ತಪ್ಪು ಒಪ್ಕೊಂಡ್ರಿ, ಅದಕ್ಕೆ ಬಿಟ್ಟಿದ್ದೀನಿ! ನಾಳೆ ಪರೀಕ್ಷೆ ಬರೆದು ನೆಟ್ಟಗೆ ಇಲ್ಲಿಗೆ ಬನ್ನಿ! ಮೂರು ದಿನದ ಬೀಸೋ ಕೆಲಸ ಬಾಕಿ ಇದೆ, ಚೀಲ ಹಿಡಿಯೋಕೆ ಜನ ಬೇಕು!"

ಭಾನುವಾರದ ಪರೀಕ್ಷೆಯಲ್ಲಿ ಮೂರನೆಯ ಪ್ರಶ್ನೆ 'ಕೆಲವರ ಅಭಿಪ್ರಾಯದಲ್ಲಿ' ಎಂದು ಶುರುವಾಗಿತ್ತು. ಅದನ್ನು ಕಂಡದ್ದೇ ತಡ, ನಮ್ಮ ಗುಮಾಸ್ತರು ಪೆನ್ನು ಕೆಳಗಿಟ್ಟು, ಎರಡು ಕೈಯನ್ನೂ ಮೇಜಿನ ಮೇಲೆ ಊರಿ, 'ಆದರೆ' ಬರುವವರೆಗೆ ಉಸಿರು ಬಿಗಿಹಿಡಿದು ಕೂತರಂತೆ. ಅವರು ಪಾಸಾದ ಸುದ್ದಿ ಬಂದದ್ದು ಮೂರು ತಿಂಗಳ ಮೇಲೆ. ಅವತ್ತು ಮಾತ್ರ ಪರೀಕ್ಷೆಯ ಕೋಣೆಯಿಂದ ನೆಟ್ಟಗೆ ಗಿರಣಿಗೆ ಹೋಗಿ, ಕತ್ತಲಾಗುವವರೆಗೆ ಚೀಲ ಹಿಡಿದರು.

ಸೋಮವಾರ ಬೆಳಿಗ್ಗೆಯೂ ಒಂದು ಗಂಟೆ ಹಿಡಿದು, ಅಲ್ಲಿಂದಲೇ ಕಚೇರಿಗೆ ಓಡಿ, ವಹಿ ಎತ್ತಿಕೊಂಡು ಒಳಗೆ ಹೋದರು. ಸಾಹೇಬರು ತಲೆಯೆತ್ತಿ ನೋಡಿದರು. ಗುಮಾಸ್ತರ ಹುಬ್ಬು ಬೆಳ್ಳಗಿತ್ತು, ಕಿವಿ ಬೆಳ್ಳಗಿತ್ತು, ಬೊಕ್ಕತಲೆಯ ಮೇಲೆ ತೆಳ್ಳಗೆ ಒಂದು ಪದರ ಕೂತಿತ್ತು.

"ಏನ್ರೀ ಇದು, ಮೈಮೇಲೆಲ್ಲ?"

"ಕಾರಣ ಸಾರ್," ಎಂದರು ಗುಮಾಸ್ತರು. "ದಾಖಲಿಸೋ ಹಾಗಿಲ್ಲ."